ಅಡಿಕೆ ಪಟ್ಟಿಗೆ ಇಆರ್‌ಪಿನೆಕ್ಸ್ಟ್ ಒಗ್ಗಿಸಿದ ಮೂರು ತಿಂಗಳು: ಕೆಡಿಸಿದ್ದು, ಸರಿಮಾಡಿದ್ದು

ಶಿರಸಿಯಲ್ಲಿ ನಮ್ಮ ದೊಡ್ಡಪ್ಪನ ಮಗನದ್ದು ಅಡಿಕೆ ಖರೀದಿ ಅಂಗಡಿ. ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಲ್ಲ ಕೊಳ್ಳುತ್ತಾರೆ. ರೈತರು ಚೀಲ ತರುತ್ತಾರೆ, ತೂಕ ಆಗುತ್ತದೆ, ಚೀಲದ ತೂಕ ಕಳೆಯುತ್ತಾರೆ, ಕ್ವಿಂಟಲ್ ದರದಲ್ಲಿ ಲೆಕ್ಕ ಹಾಕಿ ಹಮಾಲಿ ಮುರಿದುಕೊಂಡು, ಮೊದಲೇ ಮುಂಗಡ ಕೊಟ್ಟಿದ್ದರೆ ಅದನ್ನೂ ಕಳೆದು ಪಟ್ಟಿ ಬರೆದು ಕೊಡುತ್ತಾರೆ. ಇದೆಲ್ಲ ಇಷ್ಟು ವರ್ಷ ಕಾರ್ಬನ್ ಪುಸ್ತಕದಲ್ಲಿ ನಡೆದಿತ್ತು. ದೀಪಾವಳಿಗೆ ಊರಿಗೆ ಹೋದಾಗ ಅಣ್ಣ "ನೀನು ಕಂಪ್ಯೂಟರಿನವ ಅಲ್ವಾ, ಇದಕ್ಕೊಂದು ಏನಾದರೂ ಮಾಡು" ಅಂದ. ನಾನು ಎರಡು ವಾರಾಂತ್ಯ ಸಾಕು ಅಂದುಕೊಂಡಿದ್ದೆ. ಹಿಡಿದದ್ದು ಮೂರು ತಿಂಗಳು.

ಹೊಸದಾಗಿ ಬರೆಯುವ ಬದಲು ವ್ಯಾಪಾರದ ಲೆಕ್ಕ, ದಾಸ್ತಾನು ನೋಡಿಕೊಳ್ಳುವ ಸಿದ್ಧ ತಂತ್ರಾಂಶ ಇಆರ್‌ಪಿನೆಕ್ಸ್ಟ್ 15 ಆರಿಸಿಕೊಂಡೆ. ಮುಕ್ತ ತಂತ್ರಾಂಶ, ಲೈಸೆನ್ಸ್ ಖರ್ಚಿಲ್ಲ, ಅದನ್ನು ಬರೆದಿರುವ ಪೈಥಾನ್ ಭಾಷೆ ನನಗೆ ಬರುತ್ತದೆ. ಇದೇ ತಂತ್ರಾಂಶ ತಿದ್ದಲು ಹೊರಟವರಿಗೆ ನಾನು ಬಿದ್ದ ಗುಂಡಿಗಳು ಗೊತ್ತಿರಲಿ ಅಂತ ದಿನದ ಲೆಕ್ಕದಲ್ಲಿ ಬರೆದಿದ್ದೇನೆ.

ಡಿಸೆಂಬರ್ 14, 2024. ಯಂತ್ರ ಮತ್ತು ಇನ್‌ಸ್ಟಾಲ್

ಕ್ಲೌಡ್ ಸರ್ವರ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಮಳೆಗಾಲದಲ್ಲಿ ಅಲ್ಲಿ ಇಂಟರ್ನೆಟ್ ಇರುವುದಕ್ಕಿಂತ ಇಲ್ಲದಿರುವುದೇ ಜಾಸ್ತಿ. ಬೆಂಗಳೂರಲ್ಲಿ ಒಂದು ಹಳೆಯ ಮಿನಿ ಪಿಸಿ ಸಿಕ್ಕಿತು, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, 13,500 ರೂಪಾಯಿ. ಯುಪಿಎಸ್ 3,400. ಬ್ಯಾಕಪ್‌ಗೆ 1 ಟಿಬಿ ಡಿಸ್ಕ್ 4,600. ಪ್ರಿಂಟರ್ ಅಂಗಡಿಯಲ್ಲೇ ಇತ್ತು.

ಉಬುಂಟು 22.04 ಹಾಕಿದೆ. ಅದರ ಜೊತೆ ಬರುವ ಡೇಟಾಬೇಸ್ ಮಾರಿಯಾಡಿಬಿ 10.6 ಮತ್ತು ಪೈಥಾನ್ 3.10 ಎರಡೂ ನಡೆಯುತ್ತವೆ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 18 ಮಾತ್ರ ಬೇರೆ ಹಾಕಿಕೊಳ್ಳಬೇಕು. ಡೇಟಾಬೇಸ್ ಸೆಟ್ಟಿಂಗಿನಲ್ಲಿ ಅಕ್ಷರಗಳ ಬಗೆ ಯುಟಿಎಫ್8ಎಂಬಿ4 ಅಂತ ಮೊದಲೇ ಬರೆದುಬಿಡಿ. ಸಂಜೆ ಹೊತ್ತಿಗೆ ಲಾಗಿನ್ ಪುಟ ಬಂತು. ಸುಲಭವಾಗಿದ್ದ ಭಾಗ ಇದೊಂದೇ.

ಡಿಸೆಂಬರ್ 15. ಮೊದಲ ದೊಡ್ಡ ತಪ್ಪು

ಪಟ್ಟಿಗೆ ಪರ್ಚೇಸ್ ಇನ್‌ವಾಯ್ಸ್ ಬಳಸೋಣ, ಅದರಲ್ಲೇ ಅಪ್‌ಡೇಟ್ ಸ್ಟಾಕ್ ಟಿಕ್ ಮಾಡಿದರೆ ಮಾಲು ಒಳಗೆ ಬಂದ ಲೆಕ್ಕವೂ ಆಗುತ್ತದೆ ಅಂತ ಯೋಚನೆ. ಅಲ್ಲಿವರೆಗೆ ಸರಿ. ಆಮೇಲೆ ಉತ್ಸಾಹದಲ್ಲಿ ಇಆರ್‌ಪಿನೆಕ್ಸ್ಟ್‌ನ ಸ್ವಂತ ಫೋಲ್ಡರಿಗೇ ಕೈ ಹಾಕಿ, ಪರ್ಚೇಸ್ ಇನ್‌ವಾಯ್ಸ್‌ನ ಜಾವಾಸ್ಕ್ರಿಪ್ಟ್ ಫೈಲನ್ನೇ ತೆರೆದು ಚೀಲದ ತೂಕ ಕಳೆಯುವ ಸಾಲುಗಳನ್ನು ತುರುಕಿದೆ. ಕೆಲಸ ಮಾಡಿತು. ಖುಷಿಯಿಂದ ಬಸ್ಸು ಹತ್ತಿದೆ.

ಡಿಸೆಂಬರ್ 28ಕ್ಕೆ ಮತ್ತೆ ಹೋಗಿ, ಇಆರ್‌ಪಿನೆಕ್ಸ್ಟ್ ಹಾಕಲು, ನಡೆಸಲು ಬಳಸುವ ಆಜ್ಞಾಸಾಧನ ಬೆಂಚ್‌ನಲ್ಲಿ ಅಪ್‌ಡೇಟ್ ಕೊಟ್ಟೆ. "ಕಮಿಟ್ ಆಗದ ಬದಲಾವಣೆಗಳಿವೆ, ಮುಂದೆ ಹೋಗಲ್ಲ" ಅಂತ ನಿಂತಿತು. ಸಂದೇಶದಲ್ಲೇ ರೀಸೆಟ್ ಅನ್ನುವ ದಾರಿ ಇತ್ತು, ಪೂರ್ತಿ ಓದದೆ ಅದನ್ನೇ ಕೊಟ್ಟೆ. ನನ್ನ ಸಾಲುಗಳೆಲ್ಲ ಹೋದವು. ಕಾಪಿ ಇಟ್ಟಿರಲಿಲ್ಲ. ಬೇರೆಯವರಿಗೆ ಗಿಟ್ (ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ) ಹೇಳಿಕೊಡುವ ನಾನು ಅಲ್ಲಿ ಗಿಟ್ ಬಳಸಿರಲಿಲ್ಲ ಅಂತ ಬರೆಯೋಕೂ ನಾಚಿಕೆ ಆಗುತ್ತದೆ.

ಅವತ್ತೇ ಬೆಂಚ್ ನ್ಯೂ ಆಪ್ ಕೊಟ್ಟು ಪ್ರತ್ಯೇಕ ಆಪ್ ಮಾಡಿದೆ, ಹೆಸರು ಅಡಿಕೆ. ಅಂದಿನಿಂದ ನನ್ನ ಒಂದೊಂದು ಸಾಲೂ ಅದರೊಳಗೇ. ಮೂಲ ಆಪ್‌ಗೆ ಕೈ ಹಚ್ಚುವುದಿಲ್ಲ, ನನ್ನ ಕೋಡನ್ನು ಅದರ ಜೊತೆ ಜೋಡಿಸಲು ಹುಕ್ಸ್ ಫೈಲ್ ಇದೆ. ಡೆವಲಪರ್ ಮೋಡ್ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ, ಅಂಗಡಿಯ ಯಂತ್ರದಲ್ಲಿ ಆಫ್.

ಡಿಸೆಂಬರ್ 29. ಕ್ವಿಂಟಲ್ ಎಂಬ ಕ್ಯಾತೆ

ದರ ಕ್ವಿಂಟಲ್‌ಗೆ, ತೂಕ ಕೆಜಿಯಲ್ಲಿ. ಇಆರ್‌ಪಿನೆಕ್ಸ್ಟ್‌ನಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ: ದಾಸ್ತಾನಿನ ಅಳತೆ ಕೆಜಿ, ಖರೀದಿಯ ಅಳತೆ ಕ್ವಿಂಟಲ್, ಪರಿವರ್ತನೆ 100. ಹಾಗೇ ಇಟ್ಟೆ. ಪ್ರಯತ್ನಕ್ಕೆ ಹಳೆಯ ಪಟ್ಟಿ ಒಂದನ್ನು ಹಾಕಿದೆ.

12 ಚೀಲ, ಒಟ್ಟು 771.84 ಕೆಜಿ. ಗೋಣಿ ಚೀಲಕ್ಕೆ 700 ಗ್ರಾಂ ಲೆಕ್ಕದಲ್ಲಿ 8.4 ಕೆಜಿ ಕಳೆದರೆ 763.44. ದರ 40,150. ಪುಸ್ತಕದಲ್ಲಿ 3,06,521 ರೂಪಾಯಿ 16 ಪೈಸೆ. ತೆರೆಯ ಮೇಲೆ 3,06,505 ರೂಪಾಯಿ 10 ಪೈಸೆ. 16 ರೂಪಾಯಿ ಎಲ್ಲಿ ಹೋಯಿತು?

7.6344 ಕ್ವಿಂಟಲ್ ಅಂತ ಕೊಟ್ಟಿದ್ದೆ. ಸಿಸ್ಟಮ್ ಸೆಟ್ಟಿಂಗಿನಲ್ಲಿ ದಶಮಾಂಶ ಮೂರೇ ಸ್ಥಾನ. ಅದು 7.634 ಅಂತ ಕತ್ತರಿಸಿಕೊಂಡಿತ್ತು. 40 ಗ್ರಾಂ ಮಾಯ. ಅಂಗಡಿಯ ತೂಕದ ಯಂತ್ರ 20 ಗ್ರಾಂವರೆಗೆ ತೋರಿಸುತ್ತದೆ, ಹಾಗಾಗಿ ಹೆಚ್ಚುಕಡಿಮೆ ಪ್ರತಿ ಪಟ್ಟಿಯಲ್ಲೂ ಈ ತಕರಾರು ಬರೋದೇ. 16 ರೂಪಾಯಿ ಸಣ್ಣದು ಅನ್ನಿಸಬಹುದು, ಆದರೆ ರೈತರು ಮನೆಗೆ ಹೋಗಿ ಕ್ಯಾಲ್ಕುಲೇಟರ್ ಹಿಡಿಯುತ್ತಾರೆ. ಒಮ್ಮೆ ತಪ್ಪು ಸಿಕ್ಕರೆ ಮುಂದಿನ ವರ್ಷ ಚೀಲ ಬೇರೆ ಅಂಗಡಿಗೆ.

ದಶಮಾಂಶದ ಸ್ಥಾನ ಹೆಚ್ಚಿಸಬಹುದಿತ್ತು, ಆದರೆ ಆಗ ಎಲ್ಲ ಪರದೆಯಲ್ಲೂ ಉದ್ದುದ್ದ ಸೊನ್ನೆಗಳು. ಬದಲಿಗೆ ಕ್ವಿಂಟಲ್ ಅಳತೆಯನ್ನೇ ತೆಗೆದುಹಾಕಿದೆ. ಎಲ್ಲ ಕೆಜಿಯಲ್ಲಿ. ಇನ್‌ವಾಯ್ಸ್ ಸಾಲಿಗೆ ನಾಲ್ಕು ಕಸ್ಟಮ್ ಫೀಲ್ಡ್ ಸೇರಿಸಿದೆ: ಚೀಲದ ಸಂಖ್ಯೆ, ಒಟ್ಟು ತೂಕ, ಒಂದು ಚೀಲದ ತೂಕ, ಕ್ವಿಂಟಲ್ ದರ. ಕ್ವಿಂಟಲ್ ದರವನ್ನು 100ರಿಂದ ಭಾಗಿಸಿ ಕೆಜಿ ದರ. ದರ ಯಾವಾಗಲೂ ಪೂರ್ತಿ ರೂಪಾಯಿಯಲ್ಲೇ ಇರುವುದರಿಂದ ಭಾಗಿಸಿದಾಗ ಎರಡೇ ದಶಮಾಂಶ ಬರುತ್ತದೆ, 401.50, ಒಂದು ಪೈಸೆಯೂ ಕಳೆಯುವುದಿಲ್ಲ.

ಜನವರಿ 11, 2025. ತೆರೆಯ ಮೇಲಿನ ಲೆಕ್ಕ

ಬ್ರೌಸರಿನಲ್ಲಿ ಓಡುವ ಸಣ್ಣ ಕೋಡ್, ಅಂದರೆ ಕ್ಲೈಂಟ್ ಸ್ಕ್ರಿಪ್ಟ್ ಬರೆದೆ. ಒಟ್ಟು ತೂಕ ಅಥವಾ ಚೀಲದ ಸಂಖ್ಯೆ ಬದಲಾದರೆ ನಿವ್ವಳ ತೂಕ ತಾನೇ ಬರಬೇಕು. ಮೊದಲು ಸಾಲಿನ ಕ್ವಾಂಟಿಟಿಗೆ ನೇರವಾಗಿ ಬೆಲೆ ಕೊಟ್ಟು ರಿಫ್ರೆಶ್ ಮಾಡಿದೆ. ತೂಕ ಬದಲಾಯಿತು, ಮೊತ್ತ ಹಳೆಯದೇ ನಿಂತಿತು. ಹಾಗೆ ನೇರವಾಗಿ ತುಂಬಿದರೆ ಇಆರ್‌ಪಿನೆಕ್ಸ್ಟ್‌ನ ಉಳಿದ ಲೆಕ್ಕಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಇಆರ್‌ಪಿನೆಕ್ಸ್ಟ್‌ನ ಬುನಾದಿಯಾದ ಫ್ರಾಪೆಯ ಮಾಡೆಲ್ ಸೆಟ್ ವ್ಯಾಲ್ಯೂ ಮೂಲಕ ಕೊಟ್ಟರೆ ಮೊತ್ತ, ಒಟ್ಟು ಎಲ್ಲ ಸರಪಳಿಯಂತೆ ಬದಲಾಗುತ್ತವೆ.

ಪರೀಕ್ಷೆಗೆ 25 ಹಳೆಯ ಪಟ್ಟಿ ಹಾಕಿದೆ. 23 ತಾಳೆಯಾದವು. ಒಂದರಲ್ಲಿ ಪುಸ್ತಕದ ಗುಣಾಕಾರವೇ ತಪ್ಪಿತ್ತು, ಅದನ್ನು ಅಣ್ಣನಿಗೆ ಹೇಳಿ ಲೆಕ್ಕ ಬರೆಯುವ ಮಾವನಿಗೆ ಹೇಳಲಿಲ್ಲ. ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮಾಲು. ಅದಕ್ಕೆ ಮಾವ 200 ಗ್ರಾಂ ಮಾತ್ರ ಕಳೆದಿದ್ದರು. 700 ಗ್ರಾಂ ಕಳೆದರೆ ರೈತರು ಸುಮ್ಮನಿರುತ್ತಾರಾ? ನಾನು ಚೀಲದ ತೂಕವನ್ನು ಎಲ್ಲಕ್ಕೂ ಒಂದೇ ಅಂತ ಸೆಟ್ಟಿಂಗಿನಲ್ಲಿ ಬಿಗಿಯಲು ಹೊರಟಿದ್ದೆ. ಅದನ್ನು ಕೈಬಿಟ್ಟು ಪ್ರತಿ ಸಾಲಿನಲ್ಲಿ ತಿದ್ದಲು ಬರುವ ಹಾಗೆ ಬಿಟ್ಟೆ, ಮೊದಲೇ ತುಂಬಿರುವುದು 0.7.

ಜನವರಿ 12. 448 ಕೆಜಿ ಗಾಳಿ ಅಡಿಕೆ

ಆ ಸೀಸನ್ನಿನ 60 ಪಟ್ಟಿ ಆಗಲೇ ಬರೆದಾಗಿತ್ತು. ಎಕ್ಸೆಲ್‌ನಲ್ಲಿ ಜೋಡಿಸಿ ಡೇಟಾ ಇಂಪೋರ್ಟ್ ಮೂಲಕ ಒಳಗೆ ತಂದೆ. ಕ್ವಾಂಟಿಟಿ ಕಾಲಮಿನಲ್ಲಿ ಒಟ್ಟು ತೂಕವನ್ನೇ ಹಾಕಿದ್ದೆ, ಹೇಗೂ ಸ್ಕ್ರಿಪ್ಟ್ ಚೀಲದ ತೂಕ ಕಳೆಯುತ್ತದಲ್ಲ ಅಂತ. ಮೇಲಿಂದ "ಇಂಪೋರ್ಟ್ ಆದ ಮೇಲೆ ಸಬ್‌ಮಿಟ್ ಮಾಡು" ಅನ್ನುವುದಕ್ಕೂ ಟಿಕ್ ಹಾಕಿದ್ದೆ.

ಕಳೆಯಲಿಲ್ಲ. ಕ್ಲೈಂಟ್ ಸ್ಕ್ರಿಪ್ಟ್ ಓಡುವುದು ಬ್ರೌಸರಿನಲ್ಲಿ ಮನುಷ್ಯ ಕೂತು ಟೈಪ್ ಮಾಡುವಾಗ ಮಾತ್ರ. ಇಂಪೋರ್ಟ್ ನೇರವಾಗಿ ಸರ್ವರಿಗೆ ಹೋಗುತ್ತದೆ, ಎಪಿಐ ಮೂಲಕ, ಅಂದರೆ ಬೇರೆ ತಂತ್ರಾಂಶದಿಂದ ಬರುವುದೂ ಹಾಗೇ. 640 ಚೀಲಕ್ಕೆ 700 ಗ್ರಾಂನಂತೆ 448 ಕೆಜಿ ಇಲ್ಲದ ಅಡಿಕೆ ದಾಸ್ತಾನಿನಲ್ಲಿ ಕೂತಿತು. ಸಬ್‌ಮಿಟ್ ಆದದ್ದನ್ನು ತಿದ್ದಲು ಬರುವುದಿಲ್ಲ, ಒಂದೊಂದನ್ನೂ ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡಬೇಕು, ಆಗ ಪಟ್ಟಿ ನಂಬರಿನ ಹಿಂದೆ 1 ಅಂತ ಬಾಲ ಬೇರೆ. ಅದೃಷ್ಟಕ್ಕೆ ಇಂಪೋರ್ಟಿಗೆ ಮೊದಲು ಬ್ಯಾಕಪ್ ತೆಗೆದಿದ್ದೆ. ಹಿಂದಕ್ಕೆ ತಂದೆ, ಐದು ನಿಮಿಷದ ಕೆಲಸ. ಈ ಸಲ ಒಂದಾದರೂ ಸರಿ ಮಾಡಿದ್ದೆ.

ಈಗ ಇಂಪೋರ್ಟ್ ಮಾಡುವುದಿದ್ದರೆ ಮೊದಲು ಎರಡೇ ಸಾಲು, ಡ್ರಾಫ್ಟ್ ಆಗಿ. ಕಣ್ಣಲ್ಲಿ ನೋಡಿ ಆಮೇಲೆ ಉಳಿದದ್ದು.

ಜನವರಿ 25. ಸರ್ವರಿಗೆ ಸಾಗಿಸಿದ್ದು, ಮತ್ತೆ ಎಡವಿದ್ದು

ಲೆಕ್ಕವನ್ನು ಅಡಿಕೆ ಆಪ್‌ನ ಪೈಥಾನ್ ಫೈಲಿಗೆ ತಂದು, ಹುಕ್ಸ್‌ನ ಡಾಕ್ ಇವೆಂಟ್ಸ್‌ನಲ್ಲಿ ಪರ್ಚೇಸ್ ಇನ್‌ವಾಯ್ಸ್‌ನ ವ್ಯಾಲಿಡೇಟ್‌ಗೆ, ಅಂದರೆ ಸೇವ್ ಆಗುವ ಮುಂಚಿನ ಪರಿಶೀಲನೆಗೆ ಕಟ್ಟಿದೆ. ಸೇವ್ ಕೊಟ್ಟೆ. ಏನೂ ಆಗಲಿಲ್ಲ. ಪ್ರಿಂಟ್ ಸಾಲು ಹಾಕಿದೆ, ಅದೂ ಬರಲಿಲ್ಲ. ಕೋಡ್ ತಪ್ಪು, ಹೆಸರು ತಪ್ಪು, ದಾರಿ ತಪ್ಪು ಅಂತ ಒಂದೂವರೆ ಗಂಟೆ ಹುಡುಕಿದೆ. ಅಂಗಡಿ ಯಂತ್ರದಲ್ಲಿ ಬೆಂಚ್ ರೀಸ್ಟಾರ್ಟ್ ಮಾಡಿರಲಿಲ್ಲ, ಅಷ್ಟೇ. ಲ್ಯಾಪ್‌ಟಾಪಿನಲ್ಲಿ ಫೈಲ್ ಉಳಿಸಿದ ಕೂಡಲೇ ತಾನೇ ಎತ್ತಿಕೊಳ್ಳುತ್ತದೆ, ಅಲ್ಲಿ ಹಾಗಲ್ಲ. ಈಗ ಗೋಡೆಗೆ ಚೀಟಿ ಅಂಟಿಸಿದ್ದೇನೆ: ಪುಲ್ (ಹೊಸ ಕೋಡ್ ತರುವುದು), ಮೈಗ್ರೇಟ್ (ಡೇಟಾಬೇಸನ್ನು ಅದಕ್ಕೆ ಹೊಂದಿಸುವುದು), ಕ್ಯಾಶ್ ಕ್ಲಿಯರ್, ರೀಸ್ಟಾರ್ಟ್.

ರೀಸ್ಟಾರ್ಟ್ ಆದ ಮೇಲೆ ಇನ್ನೊಂದು ವಿಚಿತ್ರ. ನಿವ್ವಳ ತೂಕ ಸರಿ ಬಂತು, ಸಾಲಿನ ಮೊತ್ತ ಒಟ್ಟು ತೂಕದ ಮೇಲಿನದ್ದೇ. ಇನ್ನೊಮ್ಮೆ ಸೇವ್ ಕೊಟ್ಟರೆ ಸರಿಹೋಗುತ್ತದೆ! ಎರಡು ಸಲ ಸೇವ್ ಕೊಡಿ ಅಂತ ಮಾವನಿಗೆ ಹೇಳಿಬಿಡಲೇ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ.

ಕಾರಣ ಸಿಕ್ಕಿದ್ದು ರಾತ್ರಿ. ಒಂದೇ ಘಟನೆಗೆ ಮೂಲ ಕೋಡೂ ನನ್ನ ಹುಕ್ಕೂ ಇದ್ದರೆ ಫ್ರಾಪೆ ಮೊದಲು ಮೂಲದ್ದನ್ನು ಓಡಿಸುತ್ತದೆ, ಆಮೇಲೆ ನನ್ನದನ್ನು. ಇಆರ್‌ಪಿನೆಕ್ಸ್ಟ್ ತನ್ನ ವ್ಯಾಲಿಡೇಟ್‌ನಲ್ಲೇ ಮೊತ್ತ, ತೆರಿಗೆ, ಒಟ್ಟು ಎಲ್ಲ ಕೂಡಿ ಮುಗಿಸಿರುತ್ತದೆ. ನಾನು ತೂಕ ಬದಲಿಸುವುದು ಅದು ಎದ್ದು ಹೋದ ಮೇಲೆ. ಹುಕ್ಕನ್ನು ವ್ಯಾಲಿಡೇಟ್‌ನಿಂದ ಬಿಫೋರ್ ವ್ಯಾಲಿಡೇಟ್‌ಗೆ ಸರಿಸಿದೆ. ಒಂದು ಪದ ಬದಲು. ಈ ಇಡೀ ಕೆಲಸದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ, ಉಳಿದದ್ದು ಹುಡುಕಿದರೆ ಸಿಗುತ್ತದೆ, ಇದು ಬೇಗ ಹೊಳೆಯುವುದಿಲ್ಲ.

ತೆರೆಯ ಮೇಲಿನ ಸ್ಕ್ರಿಪ್ಟನ್ನೂ ಉಳಿಸಿಕೊಂಡಿದ್ದೇನೆ, ಟೈಪ್ ಮಾಡುವಾಗಲೇ ಮೊತ್ತ ಕಾಣಬೇಕಲ್ಲ. ಆದರೆ ಕೊನೆಯ ಮಾತು ಸರ್ವರಿನದ್ದು. ಕ್ವಿಂಟಲ್ ದರ ಖಾಲಿ ಇದ್ದರೆ ಸೇವ್ ಆಗದಂತೆ ತಡೆಯನ್ನೂ ಅಲ್ಲೇ ಹಾಕಿದೆ. ಅದಕ್ಕೊಂದು ಕಾರಣ ಇತ್ತು. ಸ್ಟಾಕ್ ಸೆಟ್ಟಿಂಗಿನಲ್ಲಿ ದರ ಇಲ್ಲದಿದ್ದರೆ ತಾನೇ ಸೇರಿಸಿಕೊಳ್ಳುವ ಟಿಕ್ ಬಿದ್ದಿತ್ತು, ಹಾಗಾಗಿ ಚಾಲಿ ಆರಿಸಿದ ಕೂಡಲೇ ಮೊದಲ ಪಟ್ಟಿಯ ದರ ಬಂದು ಕೂರುತ್ತಿತ್ತು. ಅಡಿಕೆಯ ದರ ದಿನಕ್ಕೊಂದು. ಆ ಟಿಕ್ ತೆಗೆದೆ.

ಫೆಬ್ರವರಿ 8. ಮುಂಗಡ

ಇದು ಬರೆದು ಅಳಿಸಿದ ಕೆಲಸ. ಮುಂಗಡ ಅಂತ ಒಂದು ಕಸ್ಟಮ್ ಫೀಲ್ಡ್ ಮಾಡಿ, ಒಟ್ಟಿನಿಂದ ಕಳೆದು ತೋರಿಸಿದೆ. ಪಟ್ಟಿಯಲ್ಲಿ ಚೆಂದ ಕಂಡಿತು. ಖಾತೆ ತೆಗೆದು ನೋಡಿದರೆ ರೈತರಿಗೆ ಇನ್ನೂ ಪೂರ್ತಿ ಹಣ ಕೊಡಬೇಕು, ಇನ್ನೊಂದು ಕಡೆ ಮುಂಗಡ ಹಾಗೇ ಬಾಕಿ. ನನ್ನ ಫೀಲ್ಡ್ ಬರೀ ಕಾಗದದ ಮೇಲಿನ ಕಳೆಯುವಿಕೆ, ಲೆಡ್ಜರಿಗೆ ಅದರ ಪರಿಚಯವೇ ಇಲ್ಲ.

ಈ ಸೌಕರ್ಯ ಮೊದಲೇ ಇತ್ತು. ಪೇಮೆಂಟ್ ಎಂಟ್ರಿಯಲ್ಲಿ ಸರಬರಾಜುದಾರರಿಗೆ ಕೊಟ್ಟ ಹಣ ಮುಂಗಡವಾಗಿ ನಿಲ್ಲುತ್ತದೆ, ಇನ್‌ವಾಯ್ಸ್‌ನಲ್ಲಿ ಗೆಟ್ ಅಡ್ವಾನ್ಸಸ್ ಪೇಯ್ಡ್ ಒತ್ತಿದರೆ ಎಳೆದುಕೊಳ್ಳುತ್ತದೆ, ತಾನೇ ಹಂಚುವ ಟಿಕ್ ಕೂಡ ಇದೆ. ಹಮಾಲಿಯೂ ಅಷ್ಟೇ: ತೆರಿಗೆ ಮತ್ತು ಖರ್ಚಿನ ಕೋಷ್ಟಕದಲ್ಲಿ ಒಂದು ಸಾಲು, ಸೇರಿಸು ಬದಲು ಕಳೆ ಅಂತ ಆರಿಸಿದರೆ ಮುಗಿಯಿತು. 140 ಸಾಲು ಕೋಡ್ ಅಳಿಸಿದೆ. ಹಾಕಿದ್ದು ಸೊನ್ನೆ.

ಫೆಬ್ರವರಿ 9. ಪಟ್ಟಿಯ ಮುದ್ರಣ, ಕನ್ನಡದಲ್ಲಿ

ಬ್ರೌಸರಿನಲ್ಲಿ ಪಟ್ಟಿ ಅಚ್ಚುಕಟ್ಟು. ಪಿಡಿಎಫ್ ಒತ್ತಿದರೆ ಕನ್ನಡದ ಜಾಗದಲ್ಲೆಲ್ಲ ಚೌಕ ಡಬ್ಬಿಗಳು. ತೆರೆಯ ಮೇಲೆ ಕಾಣುವುದು ನನ್ನ ಲ್ಯಾಪ್‌ಟಾಪಿನ ಅಕ್ಷರ, ಪಿಡಿಎಫ್ ತಯಾರಾಗುವುದು ಸರ್ವರಿನಲ್ಲಿ, ಅಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಉಬುಂಟುವಿನಲ್ಲಿ ಕನ್ನಡ ಫಾಂಟುಗಳ ಪ್ಯಾಕೇಜು ಇದೆ, ಹಾಕಿದರೆ ನವಿಲು, ಗುಬ್ಬಿ ಎರಡೂ ಬರುತ್ತವೆ. ಹತ್ತು ನಿಮಿಷ. ಆದರೆ ಎರಡು ಪುಟದ ಪಟ್ಟಿಯಲ್ಲಿ ಅಂಗಡಿಯ ತಲೆಬರಹ ಎರಡನೇ ಪುಟಕ್ಕೆ ಬರಲಿಲ್ಲ. ಪಿಡಿಎಫ್ ಮಾಡಲು ಉಬುಂಟು ಕೊಡುವ ಡಬ್ಲ್ಯುಕೆ ಎಚ್‌ಟಿಎಂಎಲ್ ಟು ಪಿಡಿಎಫ್‌ಗೆ ಅದು ಬರುವುದಿಲ್ಲ, ತಿದ್ದಿದ ಕ್ಯೂಟಿ ಇರುವ ಆವೃತ್ತಿಯನ್ನೇ ಹುಡುಕಿ ಹಾಕಬೇಕು.

ಆಮೇಲೆ ಬಂದದ್ದು ಅಕ್ಷರದಲ್ಲಿ ಮೊತ್ತ. ಅದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಸಣ್ಣ ಫಂಕ್ಷನ್ ಬರೆದೆ: ಕೋಟಿ, ಲಕ್ಷ, ಸಾವಿರ, ನೂರು ಅಂತ ಭಾಗಿಸು, ಉಳಿದದ್ದನ್ನು ಹತ್ತು ಮತ್ತು ಬಿಡಿ ಮಾಡು. ಬಂದ ಉತ್ತರ: "ಮೂರು ಲಕ್ಷ ಆರು ಸಾವಿರ ಐದು ನೂರು ಇಪ್ಪತ್ತು ಒಂದು ರೂಪಾಯಿ." ಮಾವ ಕನ್ನಡಕ ಏರಿಸಿ ಓದಿದರು. "ಇದೆಂತ ಕನ್ನಡ ತಮಾ?"

ಅವರು ಹೇಳಿದ್ದು ಸರಿ. ನಮ್ಮ ಸಂಖ್ಯೆಗಳು ಪಕ್ಕ ಪಕ್ಕ ನಿಲ್ಲುವುದಿಲ್ಲ, ಬೆಸೆದುಕೊಳ್ಳುತ್ತವೆ. ಇಪ್ಪತ್ತೊಂದು, ಐನೂರು, ಇನ್ನೂರು, ಮುನ್ನೂರು, ಒಂಬೈನೂರು. ಮುಂದೆ ಇನ್ನೂ ಸಂಖ್ಯೆ ಇದ್ದರೆ ನೂರು ಹೋಗಿ ನೂರ ಆಗುತ್ತದೆ, ಸಾವಿರ ಸಾವಿರದ ಆಗುತ್ತದೆ, ಲಕ್ಷ ಲಕ್ಷದ. ನಿಯಮ ಬರೆಯಲು ಹೋಗಿ ಒಂದು ಸಂಜೆ ಹಾಳು ಮಾಡಿಕೊಂಡೆ. ಕೊನೆಗೆ 0ಯಿಂದ 99ರವರೆಗೆ ನೂರು ಪದ ಕೈಯಲ್ಲೇ ಟೈಪ್ ಮಾಡಿದೆ, ನೂರುಗಳಿಗೆ ಒಂಬತ್ತರ ಎರಡು ಪಟ್ಟಿ ಮಾಡಿದೆ, ಒಂದು ಕೊನೆಯಲ್ಲಿ ನಿಲ್ಲುವುದಕ್ಕೆ, ಒಂದು ಮುಂದಕ್ಕೆ ಸೇರುವುದಕ್ಕೆ. ಮಾವ ಪಕ್ಕದಲ್ಲಿ ಕೂತು ಓದಿ ಎರಡು ಕಡೆ ತಿದ್ದಿದರು. ಈಗ "ಮೂರು ಲಕ್ಷದ ಆರು ಸಾವಿರದ ಐನೂರ ಇಪ್ಪತ್ತೊಂದು ರೂಪಾಯಿ". ಹುಕ್ಸ್‌ನಲ್ಲಿ ಜಿಂಜಾ ಅನ್ನುವ ಜಾಗದಲ್ಲಿ ಫಂಕ್ಷನ್ ಹೆಸರು ಕೊಟ್ಟರೆ ಯಾವ ಪ್ರಿಂಟ್ ಫಾರ್ಮ್ಯಾಟಿನಲ್ಲಾದರೂ ಕರೆಯಬಹುದು.

ಫೆಬ್ರವರಿ 22. ಫಿಕ್ಸ್ಚರ್

ಕಸ್ಟಮ್ ಫೀಲ್ಡುಗಳು ಡೇಟಾಬೇಸಿನಲ್ಲಿ ಇರುತ್ತವೆ, ಆಪ್‌ನ ಫೈಲಿನಲ್ಲಿ ಅಲ್ಲ. ಅವನ್ನು ಗಿಟ್‌ಗೆ ತರಲು ಫಿಕ್ಸ್ಚರ್ ಆಗಿ, ಅಂದರೆ ಆಪ್‌ನ ಫೈಲಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಫಿಲ್ಟರ್ ಹಾಕದೆ ಮಾಡಿದೆ. ನನ್ನ ಕೆಲವೇ ಫೀಲ್ಡುಗಳ ಜೊತೆ ಜಿಎಸ್‌ಟಿಗೆ ಹಾಕಿದ್ದ ಇಂಡಿಯಾ ಕಂಪ್ಲಯನ್ಸ್ ಆಪ್‌ನ ಫೀಲ್ಡುಗಳೂ ನನ್ನ ಫೈಲಿಗೆ ಬಂದವು. ಈಗ ನನ್ನ ಮಾಡ್ಯೂಲಿನವು ಮಾತ್ರ ಅಂತ ಫಿಲ್ಟರ್ ಇದೆ.

ಇನ್ನೊಂದು. ಮಾವ ಅಂಗಡಿಯ ಯಂತ್ರದಲ್ಲೇ "ಒಟ್ಟು ತೂಕ" ಅನ್ನುವ ಹೆಸರನ್ನು ಬೇರೆ ಮಾಡಿಕೊಂಡಿದ್ದರು. ನಾನು ಮೈಗ್ರೇಟ್ ಕೊಟ್ಟ ಕೂಡಲೇ ಹಳೆಯ ಹೆಸರು ವಾಪಸ್. ಬೈಸಿಕೊಂಡೆ. ಫಿಕ್ಸ್ಚರ್ ಇರುವ ಫೀಲ್ಡನ್ನು ಅಂಗಡಿಯಲ್ಲಿ ತಿದ್ದಿ ಪ್ರಯೋಜನ ಇಲ್ಲ, ಪ್ರತಿ ಮೈಗ್ರೇಟಿನಲ್ಲೂ ಫೈಲಿನದ್ದೇ ಗೆಲ್ಲುತ್ತದೆ. ಈಗ ಅವರು ವಾಟ್ಸಾಪಿನಲ್ಲಿ ಹೇಳುತ್ತಾರೆ, ನಾನು ಫೈಲಿನಲ್ಲಿ ಬದಲಿಸುತ್ತೇನೆ.

ಮಾರ್ಚ್ 8. ಬ್ಯಾಕಪ್ ನಿಜವಾಗಿ ಮರಳುತ್ತದಾ?

ದಿನಾ ರಾತ್ರಿ 8ಕ್ಕೆ ಫೈಲುಗಳ ಸಮೇತ ಬ್ಯಾಕಪ್, ಹೊರಗಿನ ಡಿಸ್ಕಿಗೆ ಕಾಪಿ. ಅದನ್ನು ಲ್ಯಾಪ್‌ಟಾಪಿನಲ್ಲಿ ಹೊಸ ಸೈಟಿಗೆ ಹಾಕಿ ನೋಡಿದೆ. ಪಟ್ಟಿಗಳೆಲ್ಲ ಬಂದವು, ಇಮೇಲ್ ಕಳಿಸಲು ಹೋದರೆ ಎನ್‌ಕ್ರಿಪ್ಶನ್ ಕೀ ಸರಿಯಿಲ್ಲ ಅಂತ. ಉಳಿಸಿಟ್ಟ ಪಾಸ್‌ವರ್ಡುಗಳಿಗೆ ಹಾಕಿದ ಕೀಲಿ ಹಳೆಯ ಸೈಟಿನ ಕಾನ್ಫಿಗ್ ಫೈಲಿನಲ್ಲಿತ್ತು, ಆ ಕೀಲಿಯನ್ನು ಹೊಸ ಸೈಟಿಗೆ ನಾನು ತಂದಿರಲಿಲ್ಲ. ಡಿಸ್ಕಿನಲ್ಲಿ ಈಗ ಆ ಫೈಲಿನ ಕಾಪಿಯೂ ಇದೆ.

ಇವತ್ತಿನ ಸ್ಥಿತಿ

ಯಂತ್ರ, ಯುಪಿಎಸ್, ಡಿಸ್ಕ್ ಸೇರಿ 21,500 ರೂಪಾಯಿ. ಬಸ್ಸಿನ ಖರ್ಚು ಬೇರೆ, ಅದನ್ನು ಅಣ್ಣ ಕೊಡಲು ಬಂದ, ನಾನು ಅದರ ಬದಲು ಅಪ್ಪೆಮಿಡಿ ಉಪ್ಪಿನಕಾಯಿ ಇಸಿದುಕೊಂಡೆ. ಅಡಿಕೆ ಆಪ್‌ನಲ್ಲಿ ಈಗ ಉಳಿದಿರುವುದು ಸುಮಾರು 200 ಸಾಲು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕನ್ನಡದ ಸಂಖ್ಯೆಗಳೇ. ಕಾರ್ಬನ್ ಪುಸ್ತಕವನ್ನು ಮಾವ ಇನ್ನೂ ಬಿಟ್ಟಿಲ್ಲ, ಎರಡೂ ಬರೆಯುತ್ತಾರೆ, ಸಂಜೆ ಒಟ್ಟು ತಾಳೆ ನೋಡುತ್ತಾರೆ. ಬೇಡ ಅನ್ನುವ ಧೈರ್ಯ ನನಗೂ ಇಲ್ಲ.

ಬಾಕಿ ಇರುವುದು ತೂಕದ ಯಂತ್ರ. ಅದರ ಹಿಂದೆ ಸೀರಿಯಲ್ ಪೋರ್ಟ್ ಇದೆ, ತೂಕ ನೇರವಾಗಿ ಒಟ್ಟು ತೂಕದ ಫೀಲ್ಡಿಗೆ ಬರಬೇಕು ಅಂತ ಅಣ್ಣನ ಆಸೆ. ಹೋದ ವಾರ 380 ರೂಪಾಯಿ ಕೊಟ್ಟು ಯುಎಸ್‌ಬಿ ಕನ್ವರ್ಟರ್ ತಂದಿದ್ದೇನೆ. ಇನ್ನೂ ಕವರ್ ಬಿಚ್ಚಿಲ್ಲ.